ನಲವತ್ತೇಳನೆಯ ತೂತು

ಸೋಲ್ವೇಜಿಯಿಂದ ಆಚೆ, ಕೆಂಪು ರಸ್ತೆ ಮುಗಿಯುವಲ್ಲಿ
ಒಂದು ತಗಡಿನ ಶೆಡ್ಡು. ಒಳಗೆ
ಮರದ ತಟ್ಟೆಗಳಲ್ಲಿ ಮಲಗಿದೆ ನೆಲದ ಬೆನ್ನುಹುರಿ,
ಮುನ್ನೂರು ಮೀಟರು, ತುಂಡು ತುಂಡಾಗಿ,
ತುಂಡು ತುಂಡಿಗೂ ನನ್ನ ಕೈಬರಹದ ನಂಬರು.

ಕಲ್ಲಿಗೆ ನೀರು ಚಿಮುಕಿಸುವುದು ನನ್ನ ಕೆಲಸ.
ಒದ್ದೆಯಾದರೆ ಮಾತ್ರ ಕಲ್ಲು ಬಾಯಿ ಬಿಡುತ್ತದೆ.
ನಲವತ್ತಾರನೆಯ ತೂತಿನದು ಹೊಳೆದಿತ್ತು,
ಕೊಚ್ಚೆಯ ಮೇಲೆ ಸೀಮೆಎಣ್ಣೆ ಹರಡಿದ ಹಾಗೆ, ನೀಲಿ, ನೇರಳೆ, ತಾಮ್ರ!
ಆವತ್ತು ಲಂಡನ್ನಿನಲ್ಲಿ ನಮ್ಮ ಕಂಪನಿಯ ಷೇರು
ಊಟದ ಹೊತ್ತಿಗೆ ಒಂದೂವರೆ ಪಟ್ಟಾಯಿತಂತೆ.
ನಮಗೆ ತಲಾ ಒಂದು ಟೀಶರ್ಟು.

ನಲವತ್ತೇಳನೆಯದು ಬೂದಿ.
ನೀರು ಹಾಕಿದೆ. ಇನ್ನಷ್ಟು ಹಾಕಿದೆ.
ನೆಕ್ಕಿಯೂ ನೋಡಿದೆ. ನಗಬೇಡಿ,
ಕಲ್ಲಿನ ಕೆಲಸದವರು ಕಲ್ಲು ನೆಕ್ಕುತ್ತಾರೆ.
ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಗುತ್ತದಲ್ಲ,
ನನ್ನ ನಾಲಗೆಗೆ ಸಿಕ್ಕಿದ್ದು ತಣ್ಣನೆಯ ಧೂಳು.

ಸಾಹೇಬ ಕಾಗದ ಚಾಚಿದ.
ಲ್ಯಾಬಿನ ವರದಿ ಬರುವ ತನಕ
ಗಂಡನಿಗೂ ಹೇಳಕೂಡದು, ದೇವರಿಗೂ ಪಿಸುಗುಡಬಾರದು.
ಸಹಿ ಹಾಕಿದೆ, ಎಕ್ಸಿಲ್ಡಾ ಕಸೋಂಗೋ,
ಬೆರಳ ಒದ್ದೆಗೆ ಹೆಸರಿನ ಬಾಲ ಕದಡಿತು.

ಹೋದ ತಿಂಗಳು ಟೈ ಕಟ್ಟಿದ ಇಬ್ಬರು ಬಂದಿದ್ದರು.
ಶೆಡ್ಡಿನ ಗೋಡೆಗೆ ಬೆಳಕು ಬಿಟ್ಟು
ಏರುವ ಗೆರೆ ತೋರಿಸಿದರು, ಆಮೇಲೆ ಇನ್ನೂ ಏರುವ ಗೆರೆ.
'ಉದಯೋನ್ಮುಖ ಮಾರುಕಟ್ಟೆ' ಎಂದು ಕರೆದರು ನಮ್ಮನ್ನು.
ಇಲ್ಲಿ ಸೂರ್ಯ ಆರಕ್ಕೆ ಹುಟ್ಟುತ್ತಾನೆ, ಒಂದು ದಿನ ತಪ್ಪಿದವನಲ್ಲ.
ಕರೆಂಟು ಬರುವುದು ರಾತ್ರಿ ಒಂಬತ್ತಕ್ಕೆ.

ಆ ಗೆರೆಯ ಮೇಲೆ ಹತ್ತಿ ಕೂತವರಲ್ಲಿ
ನಮ್ಮ ಮೇಡಂ ಸಿಲಾವ್ವೆಯೂ ಇದ್ದರು.
ಮೂವತ್ತೊಂದು ವರ್ಷ ಲೆಕ್ಕ ಕಲಿಸಿದವರು.
ಪಿಂಚಣಿ ಕೈಗೆ ಬಂದದ್ದು ಆರು ವರ್ಷ ತಡವಾಗಿ;
ಬಂದ ವಾರವೇ ಲುಸಾಕಾದ ದಲಾಲನ ಮೂಲಕ
ನಾಲ್ಕು ಸಾವಿರ ಷೇರು. ನನ್ನ ತೂತುಗಳ ಮೇಲೆ.

ಭಾನುವಾರ ಪ್ರಾರ್ಥನೆ ಮುಗಿದು
ಚಿಕಂಡಾ ಮಾರುವವಳ ಬುಟ್ಟಿಯ ಹತ್ತಿರ ಕೈ ಹಿಡಿದರು.
'ಕಲ್ಲು ಹೇಗಿದೆ, ಎಕ್ಸಿಲ್ಡಾ?'
'ಕಲ್ಲು ಕಲ್ಲಿನ ಹಾಗೇ ಇದೆ, ಮೇಡಂ.'
ನೋಡಿದರು.
ಮೂರನೇ ಕ್ಲಾಸಿನಲ್ಲಿ ಹೋಂವರ್ಕ್ ಮರೆತ ದಿನ
ನೋಡಿದ್ದ ಅದೇ ನೋಟ.
'ಸರಿ, ಕೂತುಕೋ' ಎಂದರು,
ಬಿಸಿಲಲ್ಲಿ, ಕೂರಲು ಏನೂ ಇಲ್ಲದ ಕಡೆ.

ಸೋಮವಾರ ಅಷ್ಟನ್ನೂ ಮಾರಿದರು.
ಬುಧವಾರ ವರದಿ ಬಂತು. ಗೆರೆ ಮುರಿದು ಬಿತ್ತು.
ಗುರುವಾರ ನನ್ನ ಮನೆ ಬಾಗಿಲಲ್ಲಿ
ಕಾಲು ಕಟ್ಟಿದ ಒಂದು ಕೋಳಿ. ಚೀಟಿ ಇರಲಿಲ್ಲ.

ನಾನು ಏನೂ ಹೇಳಲಿಲ್ಲ. ಈ ಮಾತನ್ನು ಯಾವ ಕೋರ್ಟಿನಲ್ಲಾದರೂ ಹೇಳುತ್ತೇನೆ.

ಆದರೂ ರಾತ್ರಿ ಕರೆಂಟು ಬಂದ ಕೂಡಲೇ ಎಚ್ಚರವಾಗುತ್ತದೆ.
ಮಾರಿದವರಿದ್ದರೆ ಕೊಂಡವರೂ ಇರಬೇಕು.
ಅವರ ನಾಲ್ಕು ಸಾವಿರ ಪಾಲು ಯಾರ ಪಾಲಿಗೆ ಬಿತ್ತು?
ಹಿಮ ಬೀಳುವ ಯಾವುದೋ ಊರಲ್ಲಿ
ಇನ್ನೊಬ್ಬಳು ಲೆಕ್ಕದ ಮೇಡಂ, ಕಿಟಕಿಯ ಪಕ್ಕ,
'ಉದಯೋನ್ಮುಖ' ಎಂಬ ಪದದ ಕಡೆ ಮುಖ ಮಾಡಿ,
ಸೋಲ್ವೇಜಿ ಭೂಪಟದಲ್ಲಿ ಎಲ್ಲಿದೆ ಎಂದೂ ತಿಳಿಯದೆ?
ಅವಳಿಗೆ ಕಲ್ಲು ಹೇಗಿದೆ ಎಂದು ಕೇಳಲು
ಯಾರ ಕೈ ಇತ್ತು ಹಿಡಿಯಲು?

ಕೋಳಿಯನ್ನು ಕೊಯ್ದಿಲ್ಲ.
ಕೆಲಸಕ್ಕೆ ಹೋಗುವಾಗ ನನ್ನ ಹಿಂದೆಯೇ ಬರುತ್ತದೆ,
ಶೆಡ್ಡಿನ ಹಿತ್ತಿಲಲ್ಲಿ ಎಸೆದ ಚೂರುಗಳ ನಡುವೆ ಕೆದಕುತ್ತದೆ.
ಕಾಳು ಅರಗಬೇಕಾದರೆ ಕೋಳಿಗೆ ಕಲ್ಲು ಬೇಕಂತೆ.
ಇವತ್ತು ನಲವತ್ತೇಳರದ್ದೊಂದು ಚೂರು
ಕತ್ತು ನೀಡಿ ನುಂಗಿತು.
ಅದಕ್ಕೆ ಯಾವುದಾದರೂ ಆದೀತು.